ದಿಣ್ಣೆಯೊಳಗಿನ ಆಸವದ ಮನೆ

ಸರ್ವಮಂಗಳಾ ಸೀಮೆಸುಣ್ಣದ ಪುಡಿಯನ್ನು ಬಟ್ಟೆಯುಂಡೆಗೆ ಮೆತ್ತಿಸಿಕೊಂಡು ನಕ್ಷೆ ಬರೆಯುವ ಟ್ರೇಸಿಂಗ್ ಬಟ್ಟೆಯ ಮೇಲೆ ತಿಕ್ಕುತ್ತಿದ್ದಳು. ಕೈಯ ಜಿಡ್ಡು ಉಳಿದರೆ ಮಸಿ ಹಿಡಿಯುವುದಿಲ್ಲ. ಮೂಲೆಯಿಂದ ಮೂಲೆಗೆ ತಿಕ್ಕಿ, ಪುಡಿ ಕೊಡವಿ, ಬಟ್ಟೆಯನ್ನು ಹಲಗೆಗೆ ಪಿನ್ನು ಚುಚ್ಚಿ ಬಿಗಿದಳು. ಸೋದರಮಾವ ಮರಿಸ್ವಾಮಿ ಎದುರಿನ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ನಜರ್‌ಬಾದಿನ ಆ ಮನೆಯಲ್ಲಿ ಮಾತು ಕೇಳಿಸಿತೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ.

ಮರಿಸ್ವಾಮಿ ಸರ್ವೀಸೆಲ್ಲ ಮೋರಿ, ತೂಬು ಕಟ್ಟಿಸಿ ರಿಟೈರಾದ ಓವರ್ಸಿಯರ್. ಮೋರಿ ಚೆನ್ನಾಗಿದೆ ಎಂದು ಯಾರೂ ನಿಂತು ನೋಡುವುದಿಲ್ಲ. ಈಗ ಮನೆಯಲ್ಲೇ ನಕ್ಷೆ ಬರೆದುಕೊಡುತ್ತಿದ್ದರು. ಕೈ ನಡುಗುತ್ತಿದ್ದುದರಿಂದ ಅವರು ಪೆನ್ಸಿಲ್ಲಿನಲ್ಲಿ ಹಾಕಿದ್ದನ್ನು ಸರ್ವಮಂಗಳಾ ಮಸಿಯಲ್ಲಿ ತಿದ್ದುತ್ತಿದ್ದಳು. ಅವಳು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಗೆರೆ ಮಾತ್ರ ನೇರ ಬರುತ್ತಿತ್ತು. ಅವಳು ತಿದ್ದಿದ ಮನೆ, ಛತ್ರ, ಗೋದಾಮು ಊರ ಸುತ್ತ ಎದ್ದು ನಿಂತಿದ್ದವು, ಒಂದನ್ನೂ ಅವಳು ಕಂಡಿರಲಿಲ್ಲ. ಕಟ್ಟಡದ ಜಾಗಕ್ಕೆ ಹೆಣ್ಣುಮಕ್ಕಳು ಹೋಗುವುದು ಗಾರೆ ಹೊರುವುದಕ್ಕೆ ಎಂದು ಮಾವ ತಿಳಿದಿದ್ದರು. ಈಗ ಕೈಯಲ್ಲಿದ್ದ ನಕ್ಷೆಯ ಜಾಗವನ್ನಾದರೂ ನೋಡಬೇಕು ಎಂದು ಅವಳಿಗೆ ಆಸೆ. ಕೇಳಿರಲಿಲ್ಲ. ತನಗೆಂದು ಏನನ್ನಾದರೂ ಕೇಳುವುದು ಅವಳಿಗೆ ಬಾರದ ವಿದ್ಯೆ.

ಈ ಕೆಲಸ ಕೊಟ್ಟವನು ಔಷಧಿ ಅಂಗಡಿಯ ಮಹದೇವು. ಮಂಡಕಳ್ಳಿ ಹತ್ತಿರದ ಹೊಲದಲ್ಲಿ ಚಪ್ಪರ ಹಾಕಿ ದ್ರಾಕ್ಷಿ ಹಬ್ಬಿಸಿದ್ದ. ಪಾನನಿರೋಧದ ಕಾಲ. ಸಾರಾಯಿ ತಪ್ಪು, ದ್ರಾಕ್ಷಿ ಹುದುಗಿಸಿದ ದ್ರಾಕ್ಷಾಸವ ಮಾತ್ರ ಔಷಧಿ. ಅದನ್ನು ಕಾಯಿಲೆ ಇಲ್ಲದವರೇ ಹೆಚ್ಚು ನಿಷ್ಠೆಯಿಂದ ಸೇವಿಸುತ್ತಿದ್ದರು. ಆಸವ ಹುದುಗುವುದಕ್ಕೆ ಹೊಸ ಕಾಲದ ಕಟ್ಟಡ ಬೇಕು, ಆದರೆ ಹೊಲದ ಮಧ್ಯೆ ಕಣ್ಣಿಗೆ ಹೊಡೆಯಬಾರದು ಎಂದು ಅವನು ಹೇಳಿದ್ದ.

ಹಿಂದಿನವರು ಆಸವದ ಭರಣಿಯನ್ನು ಮಣ್ಣಲ್ಲಿ ಹೂತಿಡುತ್ತಿದ್ದರು. ಹಾಗಾದರೆ ಮನೆಯನ್ನೇ ಹೂತರಾಯಿತು ಎಂದರು ಮಾವ. ಹೊಲದ ದಿಣ್ಣೆಯನ್ನು ಅರ್ಧ ಕಡಿದು, ಒಳಗೆ ಕಾಂಕ್ರೀಟಿನ ಕಮಾನು ಕೂರಿಸಿ, ಮೇಲೆ ಮತ್ತೆ ಮಣ್ಣು ಮುಚ್ಚಿ ಹುಲ್ಲು ಬೆಳೆಸುವುದು. ಮೂಡಲಿಗೆ ಒಂದೇ ಬಾಗಿಲು. ಅವರ ಮುಖದಲ್ಲಿ ಅಂಥ ಬೆಳಕನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಎದುರಿನ ನೋಟ ಬರೆಯುವಾಗ ಸುತ್ತ ಇರುವುದನ್ನೂ ಹಾಕು ಎಂದು ಹೇಳಿದರು. ಏನಿದೆ ಎಂದು ಕೇಳಿದ್ದಕ್ಕೆ, ಒಂದು ಬೇವಿನ ಮರ, ಒಂದು ಚಪ್ಪಡಿ ಕಲ್ಲು ಎಂದರು. ಅವಳು ಬಾಗಿಲ ಮಗ್ಗುಲಿಗೆ ಮರ, ಮುಂದಕ್ಕೆ ಕಲ್ಲು ಹಾಕಿದಳು. ಚಿತ್ರ ತುಂಬಿಕೊಂಡಿತು.

ಭಾನುವಾರ ಮಹದೇವು ನಕ್ಷೆ ನೋಡಲು ಬಂದ. ಜೊತೆಗೆ ಅವನ ತಾಯಿ ಶಿವನಂಜಮ್ಮ. ಹೊಲ ಆಕೆಯ ಹೆಸರಲ್ಲಿತ್ತು. ಮಾವ ನಕ್ಷೆಯನ್ನು ಎತ್ತಿ ಗೋಡೆಗೆ ಒರಗಿಸಿದರು. ಶಿವನಂಜಮ್ಮ ಸ್ವಲ್ಪ ಹೊತ್ತು ನೋಡಿದರು. ಸೆರಗನ್ನು ತಲೆ ಮೇಲೆ ಎಳೆದುಕೊಂಡು ಕೈ ಮುಗಿದರು.

“ಯಾವ ಸ್ವಾಮಿಗಳ ಗದ್ದುಗೆಯಪ್ಪಾ ಇದು?”

ಸರ್ವಮಂಗಳಾ ಬಾಗಿಲ ಹಿಂದಿನಿಂದ ನಕ್ಷೆ ನೋಡಿದಳು. ಹುಲ್ಲು ಬೆಳೆದ ಗುಡ್ಡೆ, ತಗ್ಗಿದ ಬಾಗಿಲು, ಪಕ್ಕದಲ್ಲಿ ಬೇವು, ಕಾಯಿ ಒಡೆಯುವುದಕ್ಕೆಂದೇ ಇಟ್ಟಂಥ ಕಲ್ಲು. ಐಕ್ಯವಾದ ಸ್ವಾಮಿಗಳ ಸಮಾಧಿ ಬೇರೆ ಹೇಗಿರುತ್ತದೆ ಎಂದು ಅವಳಿಗೂ ಹೊಳೆಯಲಿಲ್ಲ.

“ಗದ್ದುಗೆ ಅಲ್ಲ ಕಣವ್ವ, ಆಸವ ಇಡೋ ಮನೆ,” ಎಂದ ಮಹದೇವು.

“ಕೈ ಮುಗ್ದ್ಬುಟ್ನಲ್ಲೋ.”

“ಕಾಗ್ದಕ್ಕೆ ತಾನೆ ಮುಗ್ದಿದ್ದು.”

“ದೇವ್ರ ಪಟಾನೂ ಕಾಗ್ದವೇ ಅಲ್ವೇನೋ.”

ಮುಗಿದ ಕೈಯನ್ನು ವಾಪಸು ತೆಗೆದುಕೊಳ್ಳುವ ಪದ್ಧತಿ ಆ ಮನೆತನದಲ್ಲಿಲ್ಲ. ಮಾವ ಕಾಂಕ್ರೀಟು, ಕಮಾನು, ಒಳಗಿನ ತಂಪು ಎಲ್ಲವನ್ನೂ ವಿವರಿಸಿದರು. ಶಿವನಂಜಮ್ಮ ಶ್ರದ್ಧೆಯಿಂದ ಕೇಳಿ, ಒಳ್ಳೇದಾಯಿತು, ಸ್ವಾಮಿಗಳಿಗೆ ಸೆಕೆಯಾಗುವುದಿಲ್ಲ ಎಂದರು. ಯಾವ ಸ್ವಾಮಿಗಳು ಎಂಬುದು ಕಟ್ಟಿದ ಮೇಲೆ ತಾನಾಗಿ ಗೊತ್ತಾಗುತ್ತದೆ ಎಂದೂ ಹೇಳಿದರು.

ಮಹದೇವು ಕಾಫಿ ಮುಗಿಯುವವರೆಗೂ ಯೋಚನೆ ಮಾಡಿದ. ಗದ್ದುಗೆಯ ಒಳಗೆ ಆಸವ ಇಟ್ಟರೆ ಊರು ಬಿಡಬೇಕು. ಗದ್ದುಗೆ ಕಟ್ಟದಿದ್ದರೆ ಮನೆ ಬಿಡಬೇಕು.

“ಓವರ್ಸಿಯರ್ರೇ, ಪ್ಲಾನು ಹಿಂಗೇ ಇರ್ಲಿ, ಒಂದು ಗೆರೆನೂ ಬದಲಾಯಿಸ್ಬೇಡಿ,” ಎಂದ. “ಆಸವಕ್ಕೆ ದಿಣ್ಣೆ ಮೇಲ್ಗಡೆ ಒಂದು ತಗಡಿನ ಶೆಡ್ಡು ಬರ್ದ್‌ಕೊಡಿ.”

ಹೋಗುವಾಗ ಶಿವನಂಜಮ್ಮ ನಕ್ಷೆಗೆ ಬೆನ್ನು ತೋರಿಸದೆ ಹಿಂದುಹಿಂದಕ್ಕೆ ನಡೆದು ಹೊಸಿಲು ದಾಟಿದರು. ಮೋರಿಗಳ ಕಾಲದಲ್ಲಿ ಮಾವನ ಕೆಲಸಕ್ಕೆ ಇಂಥ ಮರ್ಯಾದೆ ಸಿಕ್ಕಿದ್ದಿಲ್ಲ.

ಅವರು ಹೋದ ಮೇಲೆ ಮಾವ ನಕ್ಷೆಯ ಮುಂದೆ ನಿಂತರು. ತಗಡಿನ ಶೆಡ್ಡು ದಿಣ್ಣೆ ನೆತ್ತಿಯ ಮೇಲೆ ಬಿಸಿಲಲ್ಲಿ ನಿಂತು, ನಂಜನಗೂಡು ರಸ್ತೆಯಲ್ಲಿ ಹೋಗುವವರಿಗೆಲ್ಲ ಹೊಳೆಯುತ್ತದೆ. ಇನ್ನು ಅದಕ್ಕೂ ಅಳತೆ ಹಾಕಬೇಕು.

“ಮರಾನ ಯಾಕಮ್ಮ ಬಾಗ್ಲಲ್ಲಿ ಹಾಕ್ದೆ?” ಎಂದರು.

“ಬೇವಿನ ಮರ ಇದೆ ಅಂದ್ರಿ.”

“ಇದೆ. ಆಚೆ ಬದುವಿನ ಹತ್ರ ಇದೆ. ಕಲ್ಲು ಬಾವಿ ಹತ್ರ ಇದೆ.”

ಸರ್ವಮಂಗಳಾ ಮರವನ್ನು ನೋಡಿದಳು. ಚೆನ್ನಾಗಿಯೇ ಬಂದಿತ್ತು. ಎಲೆ ಎಲೆಯನ್ನೂ ಬಿಡಿಸಿದ್ದಳು. ಮಾವ ಕೂತು ಬ್ಲೇಡು ತೆಗೆದುಕೊಂಡು ಶೆಡ್ಡಿಗೆಂದು ಪೆನ್ಸಿಲ್ ಕೆತ್ತತೊಡಗಿದರು.

“ಮಾವ,” ಎಂದಳು. ದನಿ ಅವಳಿಗೇ ಜೋರಾಗಿ ಕೇಳಿಸಿತು. “ಶೆಡ್ಡು ಬರೆಯೋಕೆ ಮುಂಚೆ ನನ್ನನ್ನ ಒಂದ್ಸಲ ಅಲ್ಲಿಗೆ ಕರ್ಕೊಂಡು ಹೋಗಿ.”

ಮಾವ ಪೆನ್ಸಿಲ್ ಕೆತ್ತುತ್ತಲೇ ಇದ್ದರು.