ಒಲೆ ಹಚ್ಚಬಾರದ ದಿನ

"ಇಳಿಯಾಕೆ ಎದರ್ತೀಯೇನ್ಲಾ, ಬೋಳಿಮಗ್ನೆ? ಮೂರೊತ್ತೂ ಮುದ್ದೆ ನುಂಗುವಾಗ ಈ ಎದ್ರಿಕೆ ಎಲ್ಲಿಗೋಗಿತ್ತು?"

ಮೂಗಿಗೆ ಟವೆಲ್ಲು ಒತ್ತಿಕೊಂಡೇ ಊರಿನ ಜಮೀನುದಾರ ರವೀಂದ್ರ ಬೈಯುತ್ತಿದ್ದ. ಟವೆಲ್ಲು ಅಡ್ಡವಿದ್ದರೂ ಬೈಗುಳದ ಏಟು ಒಂದಿಷ್ಟೂ ಕಮ್ಮಿಯಾಗಿರಲಿಲ್ಲ. ಅವನೆದುರು ದ್ಯಾವಯ್ಯ ಅಂಗಿ ಬಿಚ್ಚಿ, ಬರೀ ಚಡ್ಡಿಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಬೆನ್ನ ಹಿಂದೆ ಸಗಣಿ ಗ್ಯಾಸಿನ ತೊಟ್ಟಿ. ಮುಕ್ಕಾಲು ಪಾಲು ನೆಲದೊಳಗಿತ್ತು, ಮೇಲಕ್ಕೆ ಕಾಣುತ್ತಿದ್ದುದು ಕಾಂಕ್ರೀಟಿನ ಗುಮ್ಮಟ ಮಾತ್ರ. ಅದಕ್ಕೆ ಹೊಸದಾಗಿ ಹಸಿರು ಬಣ್ಣ ಬಳಿದು, ಒಂದು ದೊಡ್ಡ ಎಲೆಯ ಚಿತ್ರ ಬಿಡಿಸಿ, 'ಹೊಗೆಯಿಲ್ಲದ ಊರು' ಎಂದು ಬರೆಸಿದ್ದರು. ಗುಮ್ಮಟದ ನೆತ್ತಿಯಲ್ಲಿ ಒಬ್ಬ ಆಳು ಇಳಿಯುವಷ್ಟು ಬಾಯಿ. ನಿನ್ನೆ ಸಂಜೆಯಿಂದ ಅದರ ಕಬ್ಬಿಣದ ಮುಚ್ಚಳ ತೆಗೆದಿಟ್ಟಿದ್ದರು. ಕೊಳೆತ ಮೊಟ್ಟೆಯ ನಾತ ಹಿರೀಸಾವೆಯ ಹೈವೇವರೆಗೂ ಹೋಗಿ ಬರುತ್ತಿತ್ತು.

"ಎದ್ರಿಕೆ ಅಲ್ಲ ಬುದ್ದಿ," ಎಂದ ದ್ಯಾವಯ್ಯ. "ನಮ್ ಚೌಡ..."

"ಚೌಡ ಕುಡ್ದಿದ್ದ ಕಣ್ಲಾ! ಕುಡ್ಕ್ ನನ್ಮಗ ಉರುಳ್ಕಂಡ. ನಿನಗೇನ್ ಬಂದದೆ ದೊಡ್‌ರ್‍ವಾಗ? ನಿಮ್ಮಪ್ಪ ನಮ್ ತಾತನ ರಾಗಿ ಅಗೇವಿಗೆ ಮಂಗ ಇಳ್ದಂಗೆ ಇಳೀತಿದ್ನಂತೆ. ಅವನಿಗುಟ್ಟಿ ಇಂಗೆ ಎಂಗಸ್ನಂಗೆ ನಡುಗ್ತೀಯಲ್ಲೋ, ಥೂ!"

ತಂತಿಬೇಲಿಯ ಆಚೆ ಸಗಣಿ ಮಂಕರಿ ಇಳಿಸಿ ನಿಂತಿದ್ದ ಬೆಟ್ಟಮ್ಮನಿಗೆ ಎಲ್ಲ ಕೇಳಿಸುತ್ತಿತ್ತು. ದ್ಯಾವಯ್ಯ ಅವಳ ಗಂಡ. ಕೇರಿಯ ಹೆಂಗಸರೆಲ್ಲ ಊರ ಕೊಟ್ಟಿಗೆಗಳ ಸಗಣಿ ಬಾಚಿ, ತಲೆಯ ಮೇಲೆ ಹೊತ್ತು ತಂದು, ಬೇಲಿಯಂಚಿನ ಕಲ್ಲುಬಾನಿಗೆ ಸುರಿದು ಹೋಗಬೇಕು. ಒಳಕ್ಕೆ ಕಾಲಿಡುವಂತಿಲ್ಲ. ಆ ಸಗಣಿಯಿಂದ ಗ್ಯಾಸು. ಗ್ಯಾಸಿನ ಒಂದು ಪೈಪು ರವೀಂದ್ರನ ಅಡುಗೆಮನೆಗೆ, ಉಳಿದದ್ದು ಸಿಲಿಂಡರು ತುಂಬಿ ಹೈವೇ ಹೋಟೆಲುಗಳಿಗೆ. ಆ ಹೋಟೆಲುಗಳ ಮುಸುರೆ ಮತ್ತೆ ಇದೇ ತೊಟ್ಟಿಗೆ. ಮುಸುರೆಯ ಜೊತೆ ಬಂದ ಪ್ಲಾಸ್ಟಿಕ್ ಕವರುಗಳೆಲ್ಲ ಒಳಗೆ ಕಲಕುವ ರೆಕ್ಕೆಗೆ ಸುತ್ತಿಕೊಂಡು, ಮೊನ್ನೆಯಿಂದ ಅದು ತಿರುಗುವುದನ್ನೇ ನಿಲ್ಲಿಸಿತ್ತು. ಯಾರಾದರೂ ಇಳಿದು ಕುಯ್ದು ತೆಗೆಯಬೇಕು. ಈ 'ಯಾರಾದರೂ' ಎಂಬ ಮಾತು ಊರಲ್ಲಿ ಹುಟ್ಟಿದರೆ ಕೇರಿಗೆ ಬಂದೇ ಕೂರುವುದು.

ಕಾರ್ತೀಕದಲ್ಲಿ ಇಳಿದವನು ಚೌಡ, ದ್ಯಾವಯ್ಯನ ಚಿಕ್ಕಪ್ಪನ ಮಗ. ಪಕ್ಕದ ಸಣ್ಣ ಗುಂಡಿಗೆ ಇಳಿದು ಎದೆಮಟ್ಟ ಹೋಗುವಷ್ಟರಲ್ಲಿ "ಎಳೀರಿ" ಎಂದು ಕೂಗಿದ. ಮೇಲಿನವರು ಎಳೆಯುವಷ್ಟರಲ್ಲಿ ಕಣ್ಣು ಮೇಲಾಗಿತ್ತು. ಜೀವವೇನೋ ಉಳಿಯಿತು, ಬುದ್ಧಿ ಅಲ್ಲೇ ಉಳಿಯಿತು. ಈಗ ಗುಡಿಸಲ ಮುಂದೆ ಕುಕ್ಕರಗಾಲಲ್ಲಿ ಕೂತು ದಿನವೆಲ್ಲ "ಎಳೀರಿ... ಎಳೀರಿ..." ಎನ್ನುತ್ತಾನೆ. ಹೆಂಡತಿ ಲಕ್ಕಮ್ಮ ಬಾಯಿಗೆ ತುತ್ತಿಟ್ಟರೂ ಅದೇ ಮಾತು, ಬೈದರೂ ಅದೇ ಮಾತು.

ಬೆಟ್ಟಮ್ಮನಿಗೆ ತಡೆಯಲಾಗಲಿಲ್ಲ. ತೆರೆದಿದ್ದ ಗೇಟಿನಿಂದ ಒಳನುಗ್ಗಿ ರವೀಂದ್ರನ ಮುಂದೆ ಮಂಡಿಯೂರಿದಳು.

"ಬುದ್ದಿ, ನಿಮ್ ಕಾಲಿಗ್ ಬೀಳ್ತೀನಿ. ಮಿಶನ್ ತರಿಸ್ಬುಡಿ. ಇವನೊಬ್ಬನೇ ನಂಗಿರೋದು."

"ಏಯ್! ಯಾವಳೇ ನಿನ್ನ ಒಳಿಕ್ಕೆ ಬಿಟ್ಟೋಳು? ಬೇಲಿಯಿಂದಾಚೆ ನಿಂತ್ಕಂಡು ಮಾತಾಡು!"

ಎಷ್ಟೋ ವರ್ಷದಿಂದ ಹೇಳಿಸಿಕೊಂಡ ಕಾಲುಗಳು. ಮನಸ್ಸು ಬೇಡವೆಂದರೂ ತಾವೇ ಹಿಂದೆ ಸರಿದವು. ಅವಳು ಬೇಲಿಯ ಆಚೆ ಹೋಗಿ ನಿಂತಳು.

"ಸಂಜಿಗೆ ಫಾರಿನ್ನೋರು ಬತ್ತಾವ್ರೆ," ಎಂದ ರವೀಂದ್ರ, ಈಗ ಇಬ್ಬರಿಗೂ ಕೇಳುವಂತೆ. "ಈ ಊರು ಇಷ್ಟ್ ಒಗೆ ಕಮ್ಮಿ ಮಾಡ್ತು ಅಂತ ನೋಡಿ ಒಪ್ಪಿದ್ರೆ ಅದಕ್ಕೆ ದುಡ್ಡು ಕೊಡ್ತಾರೆ, ಎಲ್ರಿಗೂ ಒಳ್ಳೇದು. ಆ ರೆಕ್ಕೆ ತಿರುಗ್ದೆ ನಿಂತಿದ್ರೆ ನನ್ ಮಾನ ಓಯ್ತದೆ. ನಿಮ್ ಕೇರಿ ನಿಂತಿರೋ ಜಾಗ ಯಾರ್ದು, ಗೊತ್ತಲ್ವಾ? ನಾಳೀಕೆ ಜೆಸಿಬಿ ತಂದು ನಿಲ್ಲಿಸ್ಲಾ?"

ತೊಟ್ಟಿ ಕಟ್ಟಿದ ಕಂಪನಿಯ ಎಂಜಿನಿಯರು ರಜನೀಶ್ ಅಲ್ಲೇ ನೆರಳಲ್ಲಿ ಮೊಬೈಲು ನೋಡುತ್ತ ನಿಂತಿದ್ದ. ಒಳ್ಳೆಯ ಹುಡುಗ, ಯಾರನ್ನೂ ಬೈದವನಲ್ಲ. ನಗುತ್ತಲೇ ಬೇಲಿಯ ಹತ್ತಿರ ಬಂದ.

"ಮಿಶನ್ನು ಬರೋಕೆ ಎರಡು ದಿನ ಬೇಕಮ್ಮ. ಏನೂ ಆಗಲ್ಲ, ಹೆದರಬೇಡಿ. ನಿನ್ನೆಯಿಂದ ಮುಚ್ಚಳ ತೆಗೆದಿಟ್ಟಿದೀವಿ, ಗ್ಯಾಸೆಲ್ಲ ಹೋಗಿದೆ. ಒಳಗಿರೋದು ಬರೀ ಸಗಣಿ ನೀರು. ನೀವು ಅದರಲ್ಲೇ ಹುಟ್ಟಿ ಬೆಳೆದೋರಲ್ವಾ?"

"ಬರೀ ಸಗಣಿ ನೀರೇ ಸಾ?"

"ಬರೀ ಸಗಣಿ ನೀರು."

"ಒಳಗೆ ಇನ್ನೇನೂ ಇಲ್ವಾ?"

"ಏನೂ ಇಲ್ಲಮ್ಮ. ನಂಬಿ."

ರವೀಂದ್ರ ಪಂಚೆ ಎತ್ತಿಕಟ್ಟಿದ. "ನಾನು ಉಂಡ್ಕಂಡ್ ಬರೋ ಒತ್ಗೆ ಸೊಂಟಕ್ಕೆ ಅಗ್ಗ ಕಟ್ಕಂಡು ರೆಡಿಯಾಗಿರ್ಬೇಕು, ಇಲ್ಲ ಚರ್ಮ ಸುಲಿದ್ಬುಡ್ತೀನಿ," ಎಂದು ದ್ಯಾವಯ್ಯನಿಗೆ ಹೇಳಿ ಊಟಕ್ಕೆ ನಡೆದ. ಅವನ ಮನೆಯಲ್ಲಿ ಅನ್ನ ಬೆಂದಿತ್ತು. ಸಗಣಿ ಹೊತ್ತವರ ನೆರಳು ಬೀಳಬಾರದ ಆ ಅಡುಗೆಮನೆಗೆ ಸಗಣಿಯ ಗ್ಯಾಸು ಮಾತ್ರ ದಿನವೂ ಯಾವ ಮಡಿಯೂ ಇಲ್ಲದೆ ಹೋಗಿ ಬರುತ್ತಿತ್ತು.

ಬೆಟ್ಟಮ್ಮ ಓಡುತ್ತಲೇ ಕೇರಿಗೆ ಬಂದಳು. ಕೇರಿ ತಣ್ಣಗಿತ್ತು. ಫಾರಿನ್ನವರು ಬಂದು ಹೋಗುವವರೆಗೆ ಯಾರೂ ಒಲೆ ಹಚ್ಚಕೂಡದೆಂದು ಬೆಳಿಗ್ಗೆಯೇ ಕಟ್ಟಪ್ಪಣೆಯಾಗಿತ್ತು. ಪ್ರತಿ ಗುಡಿಸಲಿಗೂ ಒಂದೊಂದು ಗ್ಯಾಸ್ ಸ್ಟೌ ಕೊಟ್ಟು, ಹೆಂಗಸರನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೊ ತೆಗೆದುಕೊಂಡು ಹೋಗಿದ್ದರು. ಸ್ಟೌಗೆ ಬರಬೇಕಾದ ಪೈಪು ಮಾತ್ರ ಈವತ್ತಿನವರೆಗೂ ಬಂದಿರಲಿಲ್ಲ. ಹೆಂಗಸರು ಅದರ ಮೇಲೆ ಉಪ್ಪಿನ ಡಬ್ಬ ಇಟ್ಟುಕೊಂಡು, ಕೆಳಗೆ ಮೂರು ಕಲ್ಲಿನ ಒಲೆಗೆ ತೆಂಗಿನ ಗರಿ ತುರುಕಿ ಬೇಯಿಸುತ್ತಿದ್ದರು. ಇವತ್ತು ಅದೂ ಇಲ್ಲ. ಹಸಿದ ಮಕ್ಕಳು ತಂಗಳು ಮುದ್ದೆಗೆ ಜಗಳ ಆಡುತ್ತಿದ್ದವು. ಹೊಗೆಯಿಲ್ಲದ ಊರು ನಿಜವಾಗಿಯೂ ಹೊಗೆಯಿಲ್ಲದೆ ಕೂತಿತ್ತು.

ಅವಳು ಅಟ್ಟದ ಮೇಲಿಂದ ಲಾಟೀನು ಇಳಿಸಿದಳು.

ಅದು ಅವಳ ಅಪ್ಪನದು. ಹೊಳೆನರಸೀಪುರದ ಕಡೆ ಅವಳ ತವರು. ಅಪ್ಪ ಅಲ್ಲಿನ ಪಟೇಲರ ಹಗೇವಿಗೆ ಇಳಿಯುವ ಆಳು. ನೆಲದೊಳಗೆ ತೋಡಿದ ರಾಗಿಯ ಕಣಜ ಅದು. ಮುಚ್ಚಿ ವರುಷಗಳಾದ ಹಗೇವಿನೊಳಗೆ ಗಾಳಿ ಕೆಟ್ಟಿರುತ್ತದೆ ಎನ್ನುವುದು ಅದಕ್ಕೆ ಇಳಿಯುವವರಿಗೆಲ್ಲ ಗೊತ್ತು. ಅದಕ್ಕೇ ಬಾಯಿ ತೆಗೆದು, ಹಗ್ಗಕ್ಕೆ ದೀಪ ಕಟ್ಟಿ ಮೊದಲು ಅದನ್ನು ಇಳಿಸುವುದು. ದೀಪ ಉರಿದರೆ ಆಳು ಇಳಿಯಬಹುದು. ಆರಿದರೆ ಕಾಯಬೇಕು, ಸ್ವತಃ ಪಟೇಲನೇ ಹೇಳಿದರೂ ಇಳಿಯಬಾರದು. ಪಟೇಲರ ಮನೆಯ ಮದುವೆಯ ಹಿಂದಿನ ದಿನ, ರಾಗಿಗೆ ಅವಸರವೆಂದು, ಲಾಟೀನು ತರಲು ಹೋದ ಅಪ್ಪನನ್ನು ಅರ್ಧ ದಾರಿಯಲ್ಲೇ ಕೂಗಿ ಕರೆದು ಇಳಿಸಿದ್ದರು. ಪುಟ್ಟ ಬೆಟ್ಟಮ್ಮ ಹಗೇವಿನ ಬಾಯಲ್ಲಿ ಮಂಕರಿ ಹಿಡಿದು ನಿಂತಿದ್ದಳು. ಅಪ್ಪ ಒಳಗೆ ಒಮ್ಮೆ ಕೆಮ್ಮಿದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಆ 'ಏನೂ ಇಲ್ಲ' ಎನ್ನುವುದು ಇಂದಿಗೂ ಅವಳನ್ನು ನಡುಹಗಲಲ್ಲೂ ಬೆವರಿಸುತ್ತಿತ್ತು.

ಚೌಡನಿಗೂ ದೀಪ ಇಳಿಸಿರಲಿಲ್ಲ.

ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತದೆ? ಟಿಲ್ಲರಿನವನ ಹತ್ತಿರ ಬೇಡಿ ತಂದಿಟ್ಟಿದ್ದ ಒಂದಿಷ್ಟು ಡೀಸೆಲ್ ಸುರಿದು ಕಡ್ಡಿ ಗೀರಿದಳು. ಮೊಂಡು ಬತ್ತಿ ಹೊತ್ತಿಕೊಂಡು ಕರ್‍ರಗೆ ಹೊಗೆ ಕಾರಿತು.

"ಅಯ್ಯೋ, ಇದೇನಕ್ಕಾ ಅಗಲೊತ್ನಲ್ಲಿ ಲಾಟೀನು?" ಎಂದು ಲಕ್ಕಮ್ಮ ಬಾಗಿಲಿಗೆ ಬಂದಳು. "ಒಗೆ ಕಂಡ್ರೆ ಕೇರೀನೇ ಕಿತ್ತಾಕ್ತಾರಂತೆ. ಒಲೆ ಅಚ್ಬ್ಯಾಡಿ ಅಂದಿಲ್ವಾ?"

"ಇದು ಒಲೆ ಅಲ್ಲ ಕಣೇ. ಆ ಗುಂಡೀಗೆ ದೀಪ ಇಳಿಸ್ದೆ ಆಳ್ ಇಳಿಸ್ತಾವ್ರೆ."

"ನಿಂಗೆ ಎದ್ರಿಕೆ ಆಗಲ್ವೇನಕ್ಕಾ?"

"ಆಯ್ತದೆ. ಕಾಲೇ ನಿಲ್ತಿಲ್ಲ ನೋಡು," ಎಂದಳು ಬೆಟ್ಟಮ್ಮ.

ಚೌಡ ಲಾಟೀನನ್ನೇ ನೋಡಿದ. "ಎಳೀರಿ," ಎಂದ.

ಅವಳು ಸೆರಗನ್ನು ಲಾಟೀನಿಗೆ ಮರೆ ಮಾಡಿಕೊಂಡು ನಡೆದಳು. ಬಿಸಿಲಿಗೆ ದೀಪ ಯಾರ ಕಣ್ಣಿಗೂ ಬೀಳಲಿಲ್ಲ. ಗೇಟಿನ ಬಳಿ ಒಂದು ಗಳಿಗೆ ಕಾಲು ತಡೆದವು. ಒಳಗೆ ಬಂದವಳೆಂದು ಮತ್ತೆ ಬೈಸಿಕೊಳ್ಳಬೇಕು, ಹೊಡೆದರೂ ಹೊಡೆದಾರು. ಆದರೂ ದಾಟಿದಳು. ಗುಮ್ಮಟದ ಮೇಲೆ ದ್ಯಾವಯ್ಯ ನಿಂತಿದ್ದ, ಸೊಂಟಕ್ಕೆ ಹಗ್ಗ ಬಿಗಿದಿತ್ತು. ಹಗ್ಗದ ತುದಿಯನ್ನು ಹಿಡಿದಿದ್ದವರು ರವೀಂದ್ರನ ತೋಟದ ಇಬ್ಬರು ಆಳುಗಳು. ಉಂಡು ಬಂದಿದ್ದ ರವೀಂದ್ರ ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು ಅವಸರ ಮಾಡುತ್ತಿದ್ದ. ರಜನೀಶ್ ಗುಮ್ಮಟದ ಮೆಟ್ಟಿಲ ಬುಡದಲ್ಲಿದ್ದ.

"ಬುದ್ದಿ, ಒಸಿ ತಡೀರಿ," ಎಂದಳು ಬೆಟ್ಟಮ್ಮ. "ಇಳಿಸ್ಬ್ಯಾಡಿ ಅನ್ನಕ್ ಬರ್ಲಿಲ್ಲ. ಮೊದ್ಲು ಇದ ಇಳಿಸಿ ನೋಡಾನ. ಉರುದ್ರೆ ಇಳೀಲಿ."

ಎಂದವಳೇ ಸೆರಗು ಸರಿಸಿ, ಮೆಟ್ಟಿಲಿಗೆ ಕಾಲಿಟ್ಟು, ಲಾಟೀನು ಎತ್ತಿ ಹಿಡಿದಳು.

ರಜನೀಶನ ಕೈಯಿಂದ ಮೊಬೈಲು ಬಿತ್ತು. ಅವನು ಅರಚಿದ್ದು ಯಾವ ಭಾಷೆಯೋ ಯಾರಿಗೂ ತಿಳಿಯಲಿಲ್ಲ. ಮರುಗಳಿಗೆಗೆ ಅವನು ಗೇಟಿನತ್ತ ಓಡುತ್ತಿದ್ದ. ಅವನು ಓಡಿದ್ದು ನೋಡಿ ಹಗ್ಗದ ತುದಿ ಬಿಟ್ಟು ಆಳುಗಳು ಓಡಿದರು. ಏನೆಂದು ತಿಳಿಯುವ ಮೊದಲೇ ರವೀಂದ್ರನೂ ಓಡಿದ. ಪಂಚೆ ಕಾಲಿಗೆ ತೊಡರಿ ಸಗಣಿ ಬಾನಿಯ ಪಕ್ಕ ಮುಗ್ಗರಿಸಿ ಬಿದ್ದ, ಎದ್ದ, ಚಪ್ಪಲಿ ಬಿಟ್ಟು ಮತ್ತೆ ಓಡಿದ. ಬೇಲಿಯ ಆಚೆ ಹೋಗಿಯೇ ಅವರು ನಿಂತದ್ದು.

ಒಳಗೆ ಉಳಿದವರು ಇಬ್ಬರೇ. ಬಾಯಿ ತೆರೆದ ಗುಂಡಿಯ ಪಕ್ಕ ದ್ಯಾವಯ್ಯ, ಮೆಟ್ಟಿಲ ಮೇಲೆ ಬೆಟ್ಟಮ್ಮ. ಅವನ ಸೊಂಟದ ಹಗ್ಗ ಯಾರ ಕೈಯಲ್ಲೂ ಇಲ್ಲದೆ ಗುಮ್ಮಟದ ಮೇಲಿಂದ ಜೋತಾಡುತ್ತಿತ್ತು.

"ಆರಿಸಮ್ಮಾ!" ರಜನೀಶ್ ಬೇಲಿಯಾಚೆಯಿಂದ ಕೂಗಿದ. "ಆರಿಸು! ಹತ್ತಿರ ತರಬೇಡ! ಒಳಗೆ ಗ್ಯಾಸಿದೆ, ಸಿಡಿಯತ್ತೆ!"

ಬೆಟ್ಟಮ್ಮ ದೀಪ ನೋಡಿದಳು, ಗುಂಡಿಯ ಬಾಯಿ ನೋಡಿದಳು. ದೀಪ ಆರಿದರೆ ಸಾವು ಎಂದು ಕಲಿತು ಬಂದವಳು ಅವಳು. ದೀಪ ಉರಿದರೂ ಸಾವು ಎನ್ನುವ ಗುಂಡಿಯನ್ನು ಅವಳು ಕಂಡಿರಲಿಲ್ಲ. ಕೈಯಲ್ಲಿರುವುದನ್ನು ಎಸೆದು ಓಡಿಬಿಡಬೇಕು ಅನ್ನಿಸಿತು. ಎಲ್ಲಿಗೆ ಎಸೆಯುವುದು?

"ಏನೂ ಇಲ್ಲ ಅಂದ್ರಲ್ಲ ಸಾ," ಎಂದಳು. "ಬರೀ ಸಗಣಿ ನೀರು, ನಂಬಿ ಅಂದ್ರಲ್ಲ."

ರಜನೀಶ್ ಬೇಲಿಯಿಂದ ಇನ್ನೊಂದು ಹೆಜ್ಜೆ ಹಿಂದೆ ಸರಿದ.

"ಗೊತ್ತಿತ್ತು ನಿಮಗೆ. ಗೊತ್ತಿದ್ದೇ ಇಳಿಸ್ತಿದ್ರಿ."

"ಏಯ್ ಬೆಟ್ಟಿ!" ರವೀಂದ್ರ ಸಗಣಿ ಮೆತ್ತಿದ ಕೈ ಎತ್ತಿ ಗುಡುಗಲು ನೋಡಿದ, ದನಿ ಕೀರಲಾಗಿ ಬಂತು. "ಬೋಸುಡಿ, ಆರಿಸೇ ಅದ! ಸಿಗಿದಾಕ್ಬುಡ್ತೀನಿ!"

"ಒಳಿಕ್ ಬಂದು ಮಾತಾಡಿ ಬುದ್ದಿ. ಬೇಲಿಯಾಚೆ ಯಾಕ್ ನಿಂತ್ರಿ?"

ಅವಳೇ ಈ ಮಾತು ಆಡಿದ್ದೆಂದು ಅವಳಿಗೆ ನಂಬಿಕೆಯಾಗಲಿಲ್ಲ. ದ್ಯಾವಯ್ಯನ ಕಡೆ ತಿರುಗಿದಳು. "ಇಳ್ದು ಬಾ ಇತ್ಲಾಗೆ. ಮೆಲ್ಲಕ್ ಬಾ."

ಅವನು ಕೂತು ಜಾರಿಕೊಂಡೇ ಇಳಿದು ಬಂದ. ಸೊಂಟದ ಗಂಟು ಬಿಚ್ಚಲು ಬೆರಳು ಆಡದೆ ಒದ್ದಾಡಿದ. ಅವಳು ಲಾಟೀನನ್ನು ಒಂದು ಕೈಯಲ್ಲಿ ಆದಷ್ಟು ದೂರ ಹಿಡಿದು, ಬಾಗಿ, ಹಲ್ಲಿನಿಂದ ಕಚ್ಚಿ ಗಂಟು ಎಳೆದಳು. ಹಗ್ಗ ಕಳಚಿತು. ಅದನ್ನು ಬೇಲಿಯತ್ತ ಬೀಸಿ ಎಸೆದಳು. ರವೀಂದ್ರನ ಬರಿಗಾಲ ಮುಂದೆ ತಂತಿಗೆ ಸಿಕ್ಕಿ ನಿಂತಿತು.

"ತಕಳಿ. ಯಾರಿಗ್ ಕಟ್ಕತೀರೋ ಕಟ್ಕಳಿ."

"ಓಗಾನ ಬಾ, ಬೆಟ್ಟೀ," ದ್ಯಾವಯ್ಯ ಅಳುತ್ತಿದ್ದ. "ಮನೀಗ್ ಓಗಾನ."

"ಓದ್ರೆ ಚೌಡನ್ ತಮ್ಮನ್ನ ಎಳ್ಕಂಡ್ ಬತ್ತಾರೆ. ಇಲ್ಲ ನಾಳೀಕೆ ನಿನ್ನೇ ಎಳ್ಕಂಡ್ ಬತ್ತಾರೆ. ನೀನ್ ಓಗು."

ಅವನು ಹೋಗಲಿಲ್ಲ. ಅವಳ ಪಕ್ಕದಲ್ಲೇ ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಕೂತ. ಮೇಲಿನಿಂದ ಕೊಳೆತ ನಾತ ಬಿಸಿಯಾಗಿ ಇಳಿದು ಬರುತ್ತಿತ್ತು. ಗಾಳಿ ಈ ಕಡೆ ತಿರುಗಿದಾಗಲೆಲ್ಲ ಬೆಟ್ಟಮ್ಮ ಕಣ್ಣು ಮುಚ್ಚಿಕೊಂಡಳು, ಇನ್ನೂ ಬದುಕಿದ್ದೇನೆಂದು ತಿಳಿದು ಮತ್ತೆ ತೆರೆದಳು.

ಬಿಸಿಲು ಇಳಿಯಿತು. ಹೈವೇಯಿಂದ ಮಣ್ಣಿನ ರಸ್ತೆಗೆ ಮೂರು ಬಿಳೀ ಕಾರು ತಿರುಗಿದ್ದು ಧೂಳಿನಲ್ಲಿ ಕಂಡಿತು. ರವೀಂದ್ರ ಒಮ್ಮೆ ಕಾರುಗಳನ್ನು, ಒಮ್ಮೆ ಅವಳನ್ನು ನೋಡಿ ಕೈ ಮುಗಿದ. ಜನ್ಮದಲ್ಲಿ ಮೊದಲ ಸಲ ಅವನು ಕೇರಿಯವಳೊಬ್ಬಳಿಗೆ ಕೈ ಮುಗಿದದ್ದು, ಅದೂ ಸಗಣಿಯ ಕೈ. "ತಾಯೀ," ಎಂದ. "ನಿನ್ ಗಂಡ ಇಳಿಯಾದ್ ಬ್ಯಾಡ. ಆರಿಸವ್ವಾ. ಅವ್ರು ಓದ್ಮ್ಯಾಕೆ ಮಾತಾಡಾನ."

ಲಾಟೀನಿನ ಬುಡ್ಡಿ ಹಗುರಾಗಿತ್ತು. ಡೀಸೆಲ್ ತಳ ಕಂಡಿತ್ತು. ದೀಪ ಸಣ್ಣದಾಗುತ್ತ ಬರುತ್ತಿತ್ತು. ಅದು ಆರಿದ ಗಳಿಗೆಗೇ ಇವರು ಗೇಟು ದಾಟಿ ಒಳಗೆ ಬರುತ್ತಾರೆಂದು ಬೆಟ್ಟಮ್ಮನಿಗೆ ಗೊತ್ತಿತ್ತು. ಆಮೇಲೆ ಏನಾಗುತ್ತದೆನ್ನುವುದೂ ಗೊತ್ತಿತ್ತು. ಅವಳ ಕೈ ಎಷ್ಟು ನಡುಗುತ್ತಿತ್ತೆಂದರೆ ಲಾಟೀನು ಗುಮ್ಮಟಕ್ಕೆ ತಾಗಿ ಟಣಟಣ ಎನ್ನುತ್ತಿತ್ತು. ಆ ನಡುಕ ನೋಡಿಯೇ ಬೇಲಿಯಾಚೆಯವರು ಇನ್ನಷ್ಟು ಹಿಂದೆ ಸರಿದರು.

ಕಾರುಗಳು ಗೇಟಿನ ಮುಂದೆ ಬಂದು ನಿಂತವು. ಬಾಗಿಲು ತೆರೆದ ಸದ್ದಾಯಿತು.

ಬೆಟ್ಟಮ್ಮ ಒಂದು ಮೆಟ್ಟಿಲು ಮೇಲೆ ಹತ್ತಿ, ಬತ್ತಿ ಏರಿಸಿದಳು.