ಅರ್ಧ ಸುದ್ದಿಗೆ ಇಡೀ ಬೈಕು

ನನ್ನ ಮಾವನ ಹೆಸರನ್ನು ನಾನು ಹೇಳುವುದಿಲ್ಲ. ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ತರಬಾರದು. ಮದುವೆಯಾಗಿ ಬಂದಾಗಿನಿಂದ ತಂದಿಲ್ಲ, ಈಗ ನಿಮಗೋಸ್ಕರ ತರುತ್ತೇನೆಯೇ? ಅವರ ಕುದುರೆಗಳ ಹೆಸರು ಬೇಕಾದರೆ ಒಂದೂ ಬಿಡದೆ ಒಪ್ಪಿಸುತ್ತೇನೆ. ಊರಿನವರಿಗೆ ಅವರು ಅಕ್ಸಕಾಲ್, ಬಿಳಿಗಡ್ಡದ ಹಿರಿಯರು. ನನಗೆ ಆತಾ, ಅಂದರೆ ಅಪ್ಪ. ಈ ಆತಾ ನನ್ನ ಬೈಕನ್ನು ನನಗೇ ಗೊತ್ತಿಲ್ಲದಂತೆ ಮಾರಿಬಿಟ್ಟಿದ್ದರು!

ಬೈಕು ಚೀನಾದ್ದು. ರಸ್ತೆಯಲ್ಲೂ ಓಡುತ್ತದೆ, ಗುಡ್ಡವನ್ನೂ ಹತ್ತುತ್ತದೆ ಎಂದು ನರಿನ್ ಪೇಟೆಯ ಅಂಗಡಿಯವನು ಎದೆ ತಟ್ಟಿ ಹೇಳಿದ್ದ. ಚಳಿಗಾಲಗಳಲ್ಲಿ ಒಲೆಯ ಪಕ್ಕ ಕೂತು ಹೊಲಿದ ಉಣ್ಣೆಯ ಜಮಖಾನೆಗಳನ್ನೆಲ್ಲ ಮಾರಿ, ಮರದ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿದ್ದ ಅದನ್ನು ಮನೆಗೆ ತಂದು ನಾನೇ ಜೋಡಿಸಿದೆ. ಅಗ್ಗದ ಮಾಲು, ಒಪ್ಪುತ್ತೇನೆ. ಮೊದಲ ವಾರ ಹಿಂದಿನ ದೀಪ ಉದುರಿತು. ಆಮೇಲೆ ಎಡಗಡೆಯ ಕನ್ನಡಿ. ಆಮೇಲೆ ಸ್ಟ್ಯಾಂಡೇ ಕಳಚಿ ಬಿದ್ದು, ಬೈಕನ್ನು ಎಲ್ಲಿ ನಿಲ್ಲಿಸಿದರೂ ಗಂಡನಂತೆ ಗೋಡೆಗೆ ಒರಗಿಕೊಳ್ಳುತ್ತಿತ್ತು. ಕಾರ್ಖಾನೆಯವರು ಗ್ರೀಸಿನ ಡಬ್ಬಿಯನ್ನು ದೂರದಿಂದ ತೋರಿಸಿ ಕಳಿಸಿದ್ದರೋ ಏನೋ, ಹ್ಯಾಂಡಲ್ಲಿನ ಬೇರಿಂಗು ಒಣಗಿ ಕಿರುಗುಟ್ಟುತ್ತಿತ್ತು.

ಬಿಡುತ್ತೇನೆಯೇ? ಒಂದೊಂದು ಬೋಲ್ಟನ್ನೂ ಬಿಚ್ಚಿ, ಅಂಟು ಹಚ್ಚಿ, ಮತ್ತೆ ಬಿಗಿದೆ. ನುಣುಪು ಟೈರು ತೆಗೆದು ಗಂಟುಗಂಟಿನ ಟೈರು ಹಾಕಿದೆ. ನಮ್ಮ ಬೆಟ್ಟದ ತೆಳುಗಾಳಿಗೆ ಪೆಟ್ರೋಲು ಜಾಸ್ತಿಯಾಗಿ ಕರೀ ಹೊಗೆ ಉಗುಳುತ್ತಿತ್ತು, ಕಾರ್ಬುರೇಟರಿಗೆ ಪೆಟ್ರೋಲು ಕಮ್ಮಿ ಬಿಡುವ ಸಣ್ಣ ಜೆಟ್ಟು ಕೂರಿಸಿದೆ. ಚೈನಿನ ಮುಂದಿನ ಹಲ್ಲುಚಕ್ರವನ್ನೂ ಸಣ್ಣದು ಮಾಡಿದ ಮೇಲೆ ನೋಡಬೇಕಿತ್ತು, ಮೇಕೆಯ ಹಾಗೆ ಗುಡ್ಡ ಹತ್ತಿತು! ಸೀಟಿನ ಕೆಳಗೆ ದಪ್ಪ ಉಣ್ಣೆ ತುಂಬಿದೆ. ಒಂದೊಂದು ಸುಧಾರಣೆಯಾದಾಗಲೂ ನನಗೆ ಮಗು ಹಲ್ಲು ಬಿಟ್ಟಷ್ಟು ಖುಷಿ. ನನ್ನ ಗಂಡ ತಲಾಯ್ ಮಾತ್ರ ಇತ್ತ ಅಪ್ಪನನ್ನೂ ನೋಡುತ್ತಿದ್ದ, ಅತ್ತ ನನ್ನನ್ನೂ ನೋಡುತ್ತಿದ್ದ, ಇನ್ನೊಂದು ಬಟ್ಟಲು ಚಹಾ ಬಗ್ಗಿಸಿಕೊಳ್ಳುತ್ತಿದ್ದ.

ಆತಾಗೆ ಬೈಕು ಕಂಡರೆ ಆಗುತ್ತಿರಲಿಲ್ಲ. ಬೇಸಿಗೆಯಲ್ಲಿ ನಾವು ಮೇಲಿನ ಹುಲ್ಲುಗಾವಲಿನಲ್ಲಿ ಉಣ್ಣೆಗುಡಾರ ಹಾಕಿ ಕುದುರೆ ಹಾಲು ಕರೆಯುತ್ತೇವೆ, ಅದನ್ನು ಹುಳಿಯಿಟ್ಟು ಕುಮಿಸ್ ಮಾಡುತ್ತೇವೆ. ಬೈಕಿನ ಸದ್ದಿಗೆ ಹೆಣ್ಣುಕುದುರೆಗಳು ಬೆದರಿ ಹಾಲು ಏರಿಸಿಕೊಳ್ಳುತ್ತವೆ ಎಂಬುದು ಅವರ ದೂರು. ದೂರು ಸುಳ್ಳೇನಲ್ಲ. ಆದ್ದರಿಂದ ನಾನು ಗುಟ್ಟಾಗಿ ಸೈಲೆನ್ಸರ್ ಬಿಚ್ಚಿ, ಒಳಗೆ ಪಾತ್ರೆ ತಿಕ್ಕುವ ಉಕ್ಕಿನ ನಾರು ತುರುಕಿ, ಸದ್ದನ್ನು ಗೊರಕೆಯ ಮಟ್ಟಕ್ಕೆ ಇಳಿಸಿದ್ದೆ. ಅವರಿಗೆ ತೋರಿಸುವ ಮೊದಲೇ ಅವರು ಬೈಗಾಜಿಯ ಕೈ ಕುಲುಕಿ ಮಾತು ಕೊಟ್ಟುಬಿಟ್ಟಿದ್ದರು. ಬೈಕು ಅವನಿಗೆ, ಅವನದೊಂದು ಹೆಣ್ಣುಕುದುರೆ ನಮಗೆ, ಭಾನುವಾರ ಅದಲು ಬದಲು. ಮನೆಯಲ್ಲಿರುವುದೆಲ್ಲ ಮನೆಯ ಹಿರಿಯನದು ತಾನೇ, ನನ್ನನ್ನು ಕೇಳುವವರು ಯಾರು?

ಈ ಬೈಗಾಜಿ ಯಾರೆಂದು ಹೇಳಿಬಿಡುತ್ತೇನೆ. ನಮ್ಮಲ್ಲಿ ಒಳ್ಳೆಯ ಸುದ್ದಿಯನ್ನು ಮೊದಲು ತಂದವರು ‘ಸುಯುಂಚು!’ ಎಂದು ಕೂಗಿದರೆ, ಸುದ್ದಿ ಕೇಳಿಸಿಕೊಂಡವರು ಅವರು ಬೇಡಿದ್ದನ್ನು ಕೊಡಬೇಕು. ಇಲ್ಲ ಎನ್ನುವಂತಿಲ್ಲ. ಬೈಗಾಜಿ ಈ ಸುಯುಂಚುವಿನಲ್ಲೇ ಅರ್ಧ ಸಂಸಾರ ಕಟ್ಟಿದವನು. ಯಾರ ಮನೆಯಲ್ಲಿ ಮಗು, ಯಾರ ಮಗಳಿಗೆ ಸಂಬಂಧ ಕುದುರಿತು, ಎಲ್ಲ ಅವನ ಮೂಗಿಗೆ ಮೊದಲು ಬಡಿಯುತ್ತದೆ. ಈಚೆಗೆ ಹುಡುಗರು ಗಾಡಿಗಳಲ್ಲಿ ಅವನನ್ನು ಹಿಂದೆ ಹಾಕತೊಡಗಿದ್ದರು. ನನ್ನ ಬೈಕಿನ ಮೇಲೆ ಅವನ ಕಣ್ಣು ಬಿದ್ದದ್ದು ಅದಕ್ಕೇ.

ನಾದಿನಿ ಕನಿಶೈ ನರಿನ್ ಆಸ್ಪತ್ರೆಯಲ್ಲಿ ಹೆರಿಗೆಗೆ ಮಲಗಿದ್ದಳು. ಅತ್ತೆ ಅವಳ ಜೊತೆಗಿದ್ದರು, ತಲಾಯ್ ಆಚೆ ಬೆಟ್ಟದಲ್ಲಿ ಕುರಿಗಳ ಜೊತೆಗಿದ್ದ. ಆತಾ ಮೇಲಿನ ಹುಲ್ಲುಗಾವಲಿನಲ್ಲಿ, ಫೋನು ಗೀನು ಏನೂ ಮುಟ್ಟದ ಜಾಗದಲ್ಲಿ. ನನ್ನ ತಲೆಯಲ್ಲಿ ಒಂದೇ ಲೆಕ್ಕ. ಸುದ್ದಿಯನ್ನು ಮೊದಲು ಮುಟ್ಟಿಸುವವಳು ನಾನಾಗಬೇಕು, ಸುಯುಂಚುವಾಗಿ ಬೈಕನ್ನು ಕೇಳಬೇಕು. ಕೈ ಕುಲುಕಿದ ಮಾತು ದೊಡ್ಡದೋ ಸುಯುಂಚು ದೊಡ್ಡದೋ, ಅದನ್ನು ಅವರೇ ಬಗೆಹರಿಸಿಕೊಳ್ಳಲಿ!

ಊರಿನಲ್ಲಿ ಸಿಗ್ನಲ್ ಸಿಗುವುದು ಗೋರಿಗಳ ದಿಣ್ಣೆಯ ಮೇಲೆ ಮಾತ್ರ. ಶುಕ್ರವಾರ ಬೆಳಗ್ಗೆಯಿಂದ ಅರ್ಧ ಊರು ಅಲ್ಲೇ ನೆರೆದಿತ್ತು. ಫೋನು ಬಡಿದುಕೊಂಡಿತು. ಅತ್ತೆಯ ದನಿ ಕಿವಿ ಹರಿಯುವಂತೆ ಬಂತು.

“ಹೆತ್ತಳೇ! ಸಲ್ಕಿನೈ, ನಮ್ಮ ಕನಿಶೈ ಹೆತ್ತಳೇ! ಇನ್ನೂ ಕೇಳು, ಇನ್ನೂ—”

ಕೇಳುವಷ್ಟು ವ್ಯವಧಾನ ಯಾರಿಗಿತ್ತು? ಫೋನನ್ನು ಪಕ್ಕದಲ್ಲಿದ್ದವರ ಕೈಗೆ ತುರುಕಿ ದಿಣ್ಣೆಯಿಂದ ಒಂದೇ ಓಟ. ಒಂದೇ ಕಿಕ್ಕಿಗೆ ಬೈಕು ಎದ್ದಿತು. ಗಲ್ಲಿಯ ಕೋಳಿಗಳು ದಿಕ್ಕಾಪಾಲು! ನಾನು ಫೋನು ತುರುಕಿದ್ದು ಬೈಗಾಜಿಯ ಕೈಗೆ ಎಂಬುದು ಊರು ದಾಟಿದ ಮೇಲೆ ಹೊಳೆಯಿತು. ಹೊಳೆದು ಪ್ರಯೋಜನವೇನು?

ಯಾವಾಗಲೂ ಹೊಳೆಯನ್ನು ಅಗಲವಾದ ಕಡೆ, ನೀರು ತೆಳುವಾಗಿರುವಲ್ಲಿ ದಾಟುತ್ತೇನೆ. ಅವತ್ತು ಅವಸರದ ಭೂತ ಹೊಕ್ಕಿತ್ತು, ಹತ್ತಿರದ ದಾರಿ ಹಿಡಿದೆ. ಹಿಮ ಕರಗಿದ ನೀರು ಟ್ಯಾಂಕಿನವರೆಗೆ ಏರಿತು. ಬೈಕು ಗಳಗಳ ಎಂದು ನೀರು ಕುಡಿದು ಸುಮ್ಮನಾಯಿತು. ಅದನ್ನು ತಳ್ಳಿ ಎಳೆದು ಆಚೆ ದಡಕ್ಕೆ ಹಾಕುವಷ್ಟರಲ್ಲಿ ನನ್ನ ಸೊಂಟ ನನ್ನದಾಗಿ ಉಳಿದಿರಲಿಲ್ಲ. ಪ್ಲಗ್ಗು ಬಿಚ್ಚಿದೆ, ಗಾಳಿ ಸೋಸುವ ಸ್ಪಂಜನ್ನು ಹಿಂಡಿದೆ, ಕಾರ್ಬುರೇಟರ್ ಬಸಿದೆ. ಒಂದೊಂದು ಕಿಕ್ಕಿಗೂ ಪ್ಲಗ್ಗಿನ ತೂತಿನಿಂದ ನೀರು ಕಾರಂಜಿಯಾಗಿ ನನ್ನ ಮುಖಕ್ಕೇ ಹಾರುತ್ತಿತ್ತು. ತಲೆವಸ್ತ್ರದಿಂದ ಪ್ಲಗ್ಗು ಒರೆಸುತ್ತ ಕೂತಿದ್ದಾಗ ಹಿಂದೆ ಗೊರಸಿನ ಸದ್ದು ಕೇಳಿಸಿತು.

ಬೈಗಾಜಿ ಕುದುರೆಯ ಮೇಲೆ ಆರಾಮವಾಗಿ ಕೂತು ಹೊಳೆ ದಾಟಿ ಬಂದ.

“ಏನಮ್ಮಾ ಸೊಸೆ, ನಿನ್ನ ಕುದುರೆಗೆ ಬಾಯಾರಿಕೇನಾ?”

“ಕುಡಿದು ಮುಗಿಸ್ಲಿ ತಾಳಿ ಅಣ್ಣ, ಆಮೇಲೆ ನಿಮ್ಮ ಕುದುರೆಗೆ ಧೂಳು ತಿನ್ನಿಸ್ತೀನಿ!”

“ತಿನ್ನಿಸಮ್ಮಾ, ತಿನ್ನಿಸು. ಜೋಪಾನ ಮಾತ್ರ, ಭಾನುವಾರ ನನ್ನ ಮನೆಗೆ ಬರೋ ಗಾಡಿ ಅದು, ತುಕ್ಕುಗಿಕ್ಕು ಹಿಡಿಸಬೇಡ. ಅಂದಹಾಗೆ, ಮಗು ಗಂಡೋ ಹೆಣ್ಣೋ?”

ನನ್ನ ಕೈಯಲ್ಲಿದ್ದ ಸ್ಪಾನರ್ ಅಲ್ಲೇ ನಿಂತಿತು. ಹೆತ್ತಳು ಎಂದದ್ದೊಂದೇ ಗೊತ್ತು, ಮತ್ತೇನೂ ಗೊತ್ತಿಲ್ಲ!

“ಅಯ್ಯಯ್ಯಯ್ಯೋ!” ಬೈಗಾಜಿ ಜೀನಿನ ಮೇಲೇ ಹೊಟ್ಟೆ ಹಿಡಿದುಕೊಂಡ. “ಸುಯುಂಚು ಕೇಳೋಕೆ ಹೊರಟೋಳಿಗೆ ಸುದ್ದೀನೇ ಗೊತ್ತಿಲ್ಲ! ನನಗೆ ಗೊತ್ತಮ್ಮಾ. ಪೂರ್ತಿ ಗೊತ್ತು. ನಿಮ್ಮತ್ತೆ ಹೇಳಿ ಮುಗಿಸೋವರೆಗೂ ಕೂತು ಕೇಳ್ದೆ.”

ಕುದುರೆಯ ಬಾಲ ಆಡಿಸಿಕೊಂಡು ಹೊರಟೇಹೋದ. ನನಗೆ ಮೈಯೆಲ್ಲ ಉರಿ. ಪ್ಲಗ್ಗು ತಿರುಗಿಸಿ, ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತ ಕಿಕ್ಕು ಹೊಡೆದೆ. ಹೊಡೆದೆ, ಹೊಡೆದೆ. ಬೈಕು ಕೆಮ್ಮಿತು, ಸೀನಿತು, ಆಮೇಲೆ ನನ್ನ ಬಂಗಾರ, ಎದ್ದು ನಿಂತಿತು!

ಬೆಟ್ಟದ ನೆತ್ತಿಗೆ ಏರುವ ದಾರಿ ಬರೀ ಸಡಿಲ ಕಲ್ಲು. ಹಳೆಯ ಟೈರಾಗಿದ್ದರೆ ಅರ್ಧದಲ್ಲೇ ಜಾರಿ ವಾಪಸ್ಸು ಬರುತ್ತಿದ್ದೆ. ಎರಡನೇ ಗೇರಿನಲ್ಲಿ, ಕಾಲಿಡುವ ಪೆಗ್ಗುಗಳ ಮೇಲೆ ಎದ್ದು ನಿಂತು, ತಿರುವು ತಿರುವಿನಲ್ಲೂ ಕಲ್ಲು ಹಾರಿಸುತ್ತ ಏರಿದೆ. ಬೈಗಾಜಿಯ ಕುದುರೆ ಏದುಸಿರು ಬಿಡುತ್ತಿತ್ತು. ಅದು ಬೆದರದಿರಲೆಂದು ದೂರದಿಂದ ಸುತ್ತಿಕೊಂಡು ಮುಂದೆ ಬಂದೆ. ಬೆದರಿದ್ದು ಬೈಗಾಜಿ. ಅವನ ಮುಖ ನೋಡಬೇಕಿತ್ತು ನೀವು!

“ಏಯ್! ಏಯ್ ಸೊಸೆ! ಅರ್ಧ ಸುದ್ದಿ ಹೊತ್ಕೊಂಡು ಎಲ್ಲಿಗೆ?”

“ನಿಮ್ಮ ಅರ್ಧನ ಆರಾಮವಾಗಿ ತನ್ನಿ ಅಣ್ಣ!” ಎಂದು ಕೂಗಿ ಗಾಳಿಗೆ ನಕ್ಕೆ. ಹುಚ್ಚು ಹಿಡಿದವರ ಹಾಗೆ ಒಬ್ಬಳೇ ನಗುತ್ತಿದ್ದೆ.

ಹುಲ್ಲುಗಾವಲಿಗೆ ಇಳಿದಾಗ ಆತಾ ಬಿಳೀ ಕುದುರೆಯ ಪಕ್ಕ ಮಂಡಿಯೂರಿ ಹಾಲು ಕರೆಯುತ್ತಿದ್ದರು. ಕುದುರೆ ಕಿವಿ ಕೂಡ ಆಡಿಸಲಿಲ್ಲ. ಬೈಕು ಗೊರಕೆ ಹೊಡೆಯುತ್ತ ಮರಿಗಳನ್ನು ಕಟ್ಟಿದ ಹಗ್ಗದ ಹತ್ತಿರಕ್ಕೇ ಬಂದು ನಿಂತ ಮೇಲೆ ಅವರು ತಲೆಯೆತ್ತಿದರು. ನನ್ನನ್ನು ನೋಡಿದರು, ಬೈಕನ್ನು ನೋಡಿದರು, ಕುದುರೆಯನ್ನು ನೋಡಿದರು, ಒಂದು ತೊಟ್ಟೂ ಚೆಲ್ಲದ ಹಾಲಿನ ಪಾತ್ರೆಯನ್ನು ನೋಡಿದರು.

“ಸುಯುಂಚು, ಆತಾ! ಸುಯುಂಚು! ಕನಿಶೈ ಹೆತ್ತಳು!”

ಪಾತ್ರೆಯನ್ನು ಕೆಳಗಿಟ್ಟು ಎದ್ದರು. ಗಡ್ಡ ನಡುಗಿತು. “ಗಂಡೋ? ಹೆಣ್ಣೋ?”

“ಗೊತ್ತಿಲ್ಲ ಆತಾ.”

“ಗೊತ್ತಿಲ್ಲ ಅಂದ್ರೆ?”

“ಹೆತ್ತಳು ಅಂದ್ರು. ಓಡಿ ಬಂದೆ.”

ಅವರ ಹೊಟ್ಟೆಯ ಆಳದಿಂದ ನಗು ಹೊರಟಿತು. “ಅರ್ಧ ಸುದ್ದಿ ತಂದಿದೀಯ! ಅರ್ಧ ಸುದ್ದಿಗೆ ಅರ್ಧ ಸುಯುಂಚು, ಅಷ್ಟೇ!”

ಅರ್ಧ ಬೈಕು ಇಟ್ಟುಕೊಂಡು ನಾನೇನು ಮಾಡಲಿ? ಮುಂದಿನ ಚಕ್ರ ನನಗೆ, ಹಿಂದಿನದು ಬೈಗಾಜಿಗೋ? ಬಾಯಿ ತೆರೆದು ಕೇಳಬೇಕು, ಅಷ್ಟರಲ್ಲಿ ಅವರು ಗುಡಾರದೊಳಕ್ಕೆ ನುಗ್ಗಿ, ಕನಿಶೈಗೆಂದು ಕುಮಿಸ್ ತುಂಬಿದ ಪ್ಲಾಸ್ಟಿಕ್ ಕ್ಯಾನನ್ನು ಎದೆಗವಚಿಕೊಂಡು ಹೊರಬಂದರು. ಎತ್ತರದ ಬಿಳೀ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡಿದ್ದರು.

“ಕುದುರೇಲಿ ಹೋದ್ರೆ ಕತ್ತಲಾಗುತ್ತೆ. ಈ ಕಬ್ಬಿಣದ ಕತ್ತೆ ಎಷ್ಟು ಹೊತ್ತಿಗೆ ಮುಟ್ಟಿಸುತ್ತೆ?”

“ಮಧ್ಯಾಹ್ನದ ಚಹಾ ಆಸ್ಪತ್ರೇಲೇ ಕುಡೀಬಹುದು ಆತಾ.”

ಕುದುರೆ ಹತ್ತುವ ಹಾಗೇ ಎಡಗಡೆಯಿಂದ ಬಂದರು, ಪೆಗ್ಗಿನ ಮೇಲೆ ಕಾಲಿಟ್ಟರು, ಏರಿ ಕೂತರು. ಎರಡೂ ಹಿಮ್ಮಡಿಗಳಿಂದ ಬೈಕಿನ ಪಕ್ಕೆಗೆ ಒದ್ದರು. “ಛೂ!”

ನಾನು ಗೇರು ಹಾಕಿದೆ. ಅಮ್ಮಮ್ಮಾ, ಆ ಸವಾರಿ! ಮೊದಲ ಹಳ್ಳಕ್ಕೆ ಅವರು ನನ್ನ ಕೋಟಿನ ಕಾಲರನ್ನು ಲಗಾಮಿನಂತೆ ಹಿಡಿದುಕೊಂಡರು. ಎರಡನೆಯದಕ್ಕೆ ಟೋಪಿ ಹಾರಿತು. ನಿಲ್ಲಿಸಲೇ ಎಂದರೆ “ಹೋಗ್ಲಿ ಬಿಡು, ತಲೆ ಇದೆಯಲ್ಲ, ಹೊಡಿ!” ಎಂದರು. ಏರಿನಲ್ಲಿ ಕುದುರೆಯ ಕತ್ತು ತಟ್ಟುವಂತೆ ನನ್ನ ಭುಜ ತಟ್ಟಿದರು. ಸುಯುಂಚು ಕೇಳೋಣವೆಂದು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಬಾಯಿಗೆ ಧೂಳು ನುಗ್ಗಿತು. ಬೆಟ್ಟದ ನೆತ್ತಿಯ ಹತ್ತಿರ ಬಂದಾಗ, ಕಲುಕಿ ಕಲುಕಿ ಉಬ್ಬಿದ್ದ ಕುಮಿಸ್ ಢಬ್ ಎಂದು ಮುಚ್ಚಳ ಹಾರಿಸಿಕೊಂಡು ನಮ್ಮಿಬ್ಬರ ಮೇಲೂ ಸುರಿಯಿತು. ಹುಳಿ ಹಾಲು ನನ್ನ ಕತ್ತಿನಿಂದ ಬೆನ್ನಿಗೆ ಇಳಿಯುತ್ತಿತ್ತು, ಹಿಂದಿನಿಂದ ಆತಾ ಗಹಗಹಿಸುತ್ತಿದ್ದರು. ಆ ಮನೆಗೆ ಬಂದಾಗಿನಿಂದ ನಾನು ಅವರ ಹಲ್ಲು ಪೂರ್ತಿ ಕಂಡವಳಲ್ಲ. ಅವತ್ತು ಕನ್ನಡಿಯಲ್ಲಿ ಕಂಡೆ, ಉಳಿದಿದ್ದ ಬಲಗಡೆಯ ಕನ್ನಡಿಯಲ್ಲಿ.

ನೆತ್ತಿಯ ಮೇಲೆ ಬೈಗಾಜಿ ಎದುರಾದ. ನಮ್ಮನ್ನು ಕಂಡವನೇ ಜೀನಿನ ಮೇಲೆ ಎದ್ದು ನಿಂತ.

“ಸುಯುಂಚು, ಅಕ್ಸಕಾಲ್! ಸುಯುಂಚು!”

“ಗೊತ್ತಾಯ್ತಪ್ಪಾ, ಹೆತ್ತಳಂತೆ!”

“ಅದು ಅರ್ಧ! ಪೂರ್ತಿ ನನ್ನ ಹತ್ರ ಇದೆ. ಅವಳಿ! ಎರಡೂ ಹೆಣ್ಣು! ತಾಯಿ ಮಕ್ಕಳು ಮೂರೂ ಜನ ಗಟ್ಟಿಮುಟ್ಟು!”

ಆತಾ ಬೈಕಿನಿಂದ ಇಳಿದರು. ಇಳಿದು ಆಕಾಶಕ್ಕೆ ಕೈಯೆತ್ತಿ, ಆ ಕೈಗಳನ್ನೇ ಮುಖದ ಮೇಲೆ ಇಳಿಸಿಕೊಂಡರು. ಕಣ್ಣೀರು ಕುಮಿಸ್ ಎರಡೂ ಗಡ್ಡದಿಂದ ತೊಟ್ಟಿಕ್ಕುತ್ತಿತ್ತು. “ಎರಡು! ಎರಡು ಹೆಣ್ಣುಮಕ್ಕಳು! ಕೇಳು ಬೈಗಾಜಿ, ಏನು ಬೇಕೋ ಕೇಳು!”

ಬೈಗಾಜಿ ನನ್ನ ಕಡೆ ನೋಡಿ ಹಲ್ಲು ಕಿರಿದ. “ಬೈಕು ಕೊಡಿ. ಭಾನುವಾರದ ವ್ಯಾಪಾರ ಅಲ್ಲ, ಸುಯುಂಚುವಾಗಿ. ನನ್ನ ಕುದುರೆ ನನ್ನ ಹತ್ರಾನೇ ಇರಲಿ.”

ಕೇಳಿಬಿಟ್ಟ, ನನಗಿಂತ ಮೊದಲು ಕೇಳಿಬಿಟ್ಟ! ಹ್ಯಾಂಡಲ್ ಹಿಡಿದ ಬೆರಳು ಬಿಡಿಸಿಕೊಳ್ಳಲು ನನ್ನಿಂದ ಆಗಲಿಲ್ಲ.

ಆತಾ ಗಡ್ಡ ಹಿಂಡಿಕೊಂಡರು. “ಅದು ನನ್ನದಲ್ಲವಲ್ಲೋ.”

“ನಿಮ್ಮದಲ್ಲದೆ? ಅವತ್ತು ಕೈ ಕುಲುಕಿದ್ರಿ!”

“ಕುಲುಕಿದೆ. ಅವಳ ಗಾಡೀನ ನಂದು ಅಂದ್ಕೊಂಡು ಕುಲುಕಿದೆ. ತಪ್ಪು ನಂದು. ಅದಕ್ಕೆ ನನ್ನ ಹಿಂಡಿಂದ ಒಂದು ಹೆಣ್ಣುಕುದುರೆ ಹೊಡ್ಕೊಂಡು ಹೋಗು. ಸುದ್ದಿಗೆ ಇನ್ನೊಂದು ಹೊಡ್ಕೊಂಡು ಹೋಗು. ಬೈಕು ಬೇಕು ಅಂದ್ರೆ ನನ್ನ ಕೇಳಬೇಡ. ಯಜಮಾನಿ ಅಲ್ಲಿ ಕೂತಿದಾಳೆ, ಅವಳನ್ನ ಕೇಳು.”

ಕುದುರೆಯೊಂದು ಕುಂಟಿದರೆ ಊಟ ಬಿಡುವ ಮನುಷ್ಯ ಎರಡು ಕುದುರೆ ಕೊಟ್ಟುಬಿಟ್ಟರು! ಬೈಗಾಜಿ ನನ್ನ ಕಡೆ ತಿರುಗಿದ. ಮೊಟ್ಟಮೊದಲ ಸಲ ಅವನ ದನಿಯಲ್ಲಿ ಮರ್ಯಾದೆಯಿತ್ತು.

“ಕೊಡ್ತೀಯಾ ತಾಯಿ?”

“ಕೊಡಲ್ಲ ಅಣ್ಣ.” ಅಷ್ಟೇ ಹೇಳಿದೆ.

“ಹೋಗ್ಲಿ, ಎರಡು ಕುದುರೆ ಬಂತಲ್ಲ,” ಎಂದು ಅವನು ಖುಷಿಯಾಗಿಯೇ ಹುಲ್ಲುಗಾವಲಿನ ಕಡೆ ಇಳಿದ. ಆತಾ ಮತ್ತೆ ಎಡಗಡೆಯಿಂದ ಹತ್ತಿ ಕೂತರು.

“ನಿನ್ನ ಅರ್ಧ ಸುಯುಂಚು ಬಾಕಿ ಇದೆಯಲ್ಲಮ್ಮಾ. ಏನು ಬೇಕು, ಕೇಳು.”

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದು ಒಂದೇ ಮಾತು. ಅದೀಗ ಕೇಳುವುದಕ್ಕೆ ಉಳಿದಿರಲಿಲ್ಲ. “ಏನೂ ತೋಚ್ತಿಲ್ಲ ಆತಾ. ಯೋಚನೆ ಮಾಡಿ ಹೇಳ್ತೀನಿ.”

“ಮಾಡು, ಮಾಡು. ಓಡಿಸ್ತಾ ಯೋಚನೆ ಮಾಡು ಮಗಳೇ,” ಎಂದು ಹಿಮ್ಮಡಿಯಿಂದ ಬೈಕಿನ ಪಕ್ಕೆಗೆ ಒದ್ದರು. “ಅಲ್ಲಿ ಇಬ್ಬರು ಕಾಯ್ತಿದಾರೆ.”