ಖಂಡೆಪ್ಪ ಅರ್ಥ ಹೇಳಿದ ಕಾದಂಬರಿ

ಮೂವತ್ತು ವರ್ಷ ಪುರಾಣಕ್ಕ ಅರ್ಥ ಹೇಳಿದಾಂವ ನಾನು, ಕಮಲಾಪುರದ ಖಂಡೆಪ್ಪ. ಒಬ್ಬರು ಓದ್ತಾರ, ನಾ ಅರ್ಥ ಬಿಡಿಸ್ತೀನಿ. ನನಗ ಅರ್ಥ ಸಿಗಲಾರದ ಸಾಲೇ ಇರಲಿಲ್ಲ. ಸೊಕ್ಕು ಅನ್ರಿ ಬೇಕಾದ್ರ.

ಕಲಬುರಗಿ ಗಾಜಿಪುರದ ವೆಂಕಟೇಶ ಮಾಸ್ತರ ಒಂದು ಹೊಸ ನಮೂನಿ ಕಾದಂಬರಿ ಬರದಿದ್ದ. ಅದನ್ನ ಹತ್ತು ಮಂದಿಗೆ ಓದಿ ಹೇಳಬೇಕಂತ ಆಸೆ. ನಿಜಾಮರ ರಾಜ್ಯದಾಗ ಸಭಾ ಮಾಡಬೇಕಂದ್ರ ಸರಕಾರದ ಇಜಾಜತ್, ಅಂದ್ರ ಪರವಾನಗಿ, ಬೇಕು. ಪುರಾಣಕ್ಕ ಯಾರು ಕೇಳ್ತಾರ? "ಪುರಾಣ ಅಂತ ಹೇಳಿ ಓದ್ತೀನ್ರಿ, ಅರ್ಥ ನೀವೇ ಹೇಳ್ರಿ" ಅಂದ.

ನಮ್ಮೂರ ದೌಲಪ್ಪನ ಪಡಸಾಲ್ಯಾಗ ಮಂದಿ ಕೂಡಿತು. ಅವನ ಅತ್ತಿಗಿ ಜಯದೇವಿನೂ ಬಂದು ಕೂತಳು. ಆಕಿ ಗಂಡ ಮುಂಬೈ ಗಿರಣಿಗೆ ಹೋಗಿ ಏಳು ವರ್ಷ, ಒಂದು ಕಾಗದ ಇಲ್ಲ. 'ಅಣ್ಣ ಸತ್ತಾನ, ಸೋಮವಾರ ಆಕಿ ಕೈಬಳಿ ಒಡಸ್ತೀನಿ' ಅಂತ ದೌಲಪ್ಪ ಹಟ ಹಿಡಿದಿದ್ದ. ಅಣ್ಣನ ಹೊಲದ ಮ್ಯಾಲ ಕಣ್ಣು, ಮತ್ತೇನು!

ಕಾದಂಬರ್ಯಾಗ ಒಬ್ಬ ಜಡ್ಡಿನ ಮನಷಾ ಕಲಬುರಗಿ ಕೋಟೆಯಿಂದ ಕಮಲಾಪುರದ ತನ್ನ ಮನಿಗೆ ನಡೀತಾನ. ಅಷ್ಟೇ. ರಾಜ ಇಲ್ಲ, ಯುದ್ಧ ಇಲ್ಲ. ಅವನ ತಲ್ಯಾಗ ಬಂದದ್ದೆಲ್ಲಾ ಬಂದಂಗ ಮಾಸ್ತರ ಬರದಾನ. ಕಲಬುರಗಿ ವಕೀಲರೊಬ್ಬರು ಇದನ್ನ ಹುಚ್ಚರ ಬಡಬಡಿಕಿ ಅಂದಿದ್ರಂತ. ನನಗ ಮಾತ್ರ ಮೈ ಜುಮ್ ಅಂತು. ದಾರ್ಯಾಗಿನ ಕಪನೂರ ಬಾವಿ ಹಗ್ಗದ ಸಪ್ಪಳ ಕೇಳಿ ಆತಗ ಹೆಂಡ್ತಿ ನೆನಪಾಗೋ ಜಾಗಾ ಬಂದಾಗಂತೂ, ಭಲೆ, ಎಂಥಾ ಕೈಯೋ ಮಾಸ್ತರಾ ನಿಂದು!

"ನಡಿಯಾಂವ ಜೀವ, ಮನಿ ಶಿವ" ಅಂದೆ ನಾನು.

"ಛೇ, ಮನಿ ಅಂದ್ರ ಸಂಸಾರ" ಅಂದ ಕೇಳಾಕ ಕೂತಿದ್ದ ರಾಮಣ್ಣ. ಇಬ್ಬರೂ ಗಂಟಲು ಹರಕೊಂಡ್ವಿ.

ಕೊನಿಗೆ ಆತ ಊರ ಹೊರಗ ಬೇವಿನ ಗಿಡದ ಕೆಳಗ ಕೂತು ಕಣ್ಣು ಮುಚ್ಚಿದ. ಅಲ್ಲಿಗೆ ಪುಸ್ತಕ ಮುಗೀತು.

"ಸತ್ತ. ಮಂಗಳಾರತಿ ಮಾಡ್ರಿ" ಅಂದ ದೌಲಪ್ಪ.

ಜಯದೇವಿ ನನ್ನ ಕಡೆ ತಿರುಗಿದಳು. "ಸತ್ತನೇನ್ರಿ ಕಾಕಾ, ನಿದ್ದಿ ಹತ್ತಿತೇನ್ರಿ?"

ಎಲ್ಲಾರೂ ನನ್ನ ಮಾರಿನೇ ನೋಡಾಕತ್ತರು. ನಿದ್ದಿ ಅನ್ನಲಾ? ಪುಸ್ತಕದಾಗ ಹಂಗ ಇಲ್ಲ. ಸಾವು ಅನ್ನಲಾ? ಅದೂ ಇಲ್ಲ. ಸಿಟ್ಟು ಬಂದು ಮಾಸ್ತರನ ಮ್ಯಾಲ ಹಾರಿಬಿದ್ದೆ. "ಏ, ಬರದಾಂವ ನೀನು, ನೀನೇ ಹೇಳು!"

"ನನಗೂ ಗೊತ್ತಿಲ್ರಿ" ಅಂದ ಆತ. "ಗೊತ್ತಿದ್ದಷ್ಟೇ ಬರದೀನಿ."

ನನ್ನ ಸಿಟ್ಟು ಇಳೀತು. ಗೊತ್ತಿಲ್ಲ ಅನ್ನಾಕ ಎಷ್ಟು ಧೈರ್ಯ ಬೇಕು! ಮೂವತ್ತು ವರ್ಷದಾಗ ಒಮ್ಮಿನೂ ನನ್ನ ಬಾಯಾಗ ಆ ಮಾತು ಬಂದಿರಲಿಲ್ಲ.

ಜಯದೇವಿ ಎದ್ದು ನಿಂತಳು. "ಕೇಳಿದೇನು ದೌಲಪ್ಪಾ? ಬರದಾಂವಗೇ ಗೊತ್ತಿಲ್ಲ. ನಿಮ್ಮಣ್ಣ ಸತ್ತಾನಂತ ನಿನಗ ಯಾರು ಹೇಳಿದ್ರು?"

ದೌಲಪ್ಪ ನನ್ನ ಮಾರಿ ನೋಡಿದ.

"ಆಕಿ ಹೇಳಿದ್ದೇ ಅರ್ಥ" ಅಂದೆ.